ಶೇಟರ ಗಾಡಿಗೆ ಕೊಕ್ಕೆ ಹಾಕಿದ ಜಟ್ಟೆಪ್ಪ

ಮುಂಬಯಿ ಹತ್ತಿರದ ಮಹಾಪೆಯ ಕಲ್ಲುಗಣಿಯ ಬುಡದಲ್ಲಿ ಹದಿನಾಲ್ಕು ತಗಡಿನ ಗುಡಿಸಲುಗಳಿದ್ದವು. ಅವುಗಳಲ್ಲಿ ಐದನೆಯದು ಜಟ್ಟೆಪ್ಪನದು. ಸಿಂದಗಿ ಕಡೆಯಿಂದ ೧೯೬೫ರಲ್ಲಿ ಬಂದವನು ಮೊದಲು ಕಲ್ಯಾಣದ ಮಾರುಕಟ್ಟೆಯಲ್ಲಿ ಮೂಟೆ ಹೊತ್ತ. ಆಮೇಲೆ ಟ್ರಕ್ಕಿಗೆ ಬಾಡಿ ಕಟ್ಟುವ ಒಂದು ಜಾಗದಲ್ಲಿ ಬೇರೆಯವರು ವೆಲ್ಡಿಂಗ್ ಮಾಡುವಾಗ ಕಬ್ಬಿಣ ಹಿಡಿದುಕೊಂಡು ನಿಲ್ಲುವ ಕೆಲಸ ಸಿಕ್ಕಿತು. ಹಿಡಿದು ನಿಂತು ನಿಂತೇ ವೆಲ್ಡಿಂಗ್ ಕಲಿತ. ಇದು ನಡೆದ ೧೯೮೩ರ ಹೊತ್ತಿಗೆ ಅವನಿಗೆ ನಲವತ್ತೆಂಟೋ ಐವತ್ತೋ ಆಗಿತ್ತು. ಕಣ್ಣಿನಿಂದ ಯಾವಾಗಲೂ ನೀರು ಸೋರುತ್ತಿತ್ತು, ಹುಬ್ಬಿನ ಕೂದಲು ಸುಟ್ಟು ಹೋಗಿದ್ದವು.

ಬೆಳಿಗ್ಗೆ ಆರಕ್ಕೆ ಬೇಲಾಪುರ ರಸ್ತೆಯ ಬಸ್ಸು ಹಿಡಿದು ಅವನು ಠಾಣೆಗೆ ಹೋಗುತ್ತಿದ್ದ. ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಮೇಲಿನ ಸರಳಿಗೆ ಎರಡೂ ಕೈ ಕೊಟ್ಟು, ಕಾರ್ಖಾನೆಗಳ ಘಾಟು ವಾಸನೆಯಲ್ಲೇ ನಿಂತುಕೊಂಡು ನಿದ್ದೆ ಮಾಡುತ್ತಿದ್ದ. ಠಾಣೆಯ ವಾಗಳೆ ಎಸ್ಟೇಟಿನ ಒಂದು ಗ್ಯಾರೇಜಿನಲ್ಲಿ ಅವನಿಗೆ ಕೆಲಸ. ಅದರ ಯಜಮಾನ ಲೀಲಾಧರ, ಕಾಪು ಕಡೆಯವನು. ಜಟ್ಟೆಪ್ಪನ ಹೆಂಡತಿ ಮಾನಮ್ಮ ಗಣಿಯಲ್ಲೇ ಸುತ್ತಿಗೆಯಿಂದ ಖಡಿ, ಅಂದರೆ ಜಲ್ಲಿ, ಒಡೆಯುತ್ತಿದ್ದಳು. ಅವಳ ಜೊತೆ ಇನ್ನೂ ಏಳು ಹೆಂಗಸರು. ಗಣಿಗೆ ಹತ್ತುವ ಕಡಿದಾದ ದಾರಿ ಎಲ್ಲಿ ಶುರುವಾಗುತ್ತದೋ ಅಲ್ಲೇ, ದಾರಿಗೆ ನೇರವಾಗಿ, ನಾಲ್ಕು ಕೋಲು ನೆಟ್ಟು ಚಪ್ಪರ ಹಾಕಿದ್ದರು. ಬಿಸಿಲು ಬೀಳದ ಜಾಗ ಅದೊಂದೇ ಆದ್ದರಿಂದ ಅಲ್ಲೇ ಕೂರುತ್ತಿದ್ದರು.

ಜಟ್ಟೆಪ್ಪನಿಗೆ ಓದಲು ಬರುತ್ತಿರಲಿಲ್ಲ. ಅಳತೆ ಟೇಪಿನ ಅಂಕಿಗಳು ಅವನಿಗೆ ಇರುವೆ ಸಾಲಿನಂತೆ ಕಾಣುತ್ತಿದ್ದವು. ಅಂಗಿಯ ಜೇಬಿನಲ್ಲಿ ಒಂದು ಹುರಿದಾರ ಇಟ್ಟುಕೊಂಡಿರುತ್ತಿದ್ದ. ಅಳೆಯಬೇಕಾದ ಕಡೆ ದಾರ ಇಳಿಬಿಟ್ಟು ಗಂಟು ಹಾಕುತ್ತಿದ್ದ, ಗ್ಯಾರೇಜಿಗೆ ಬಂದು ಆ ಗಂಟಿನ ಪ್ರಕಾರ ಕಬ್ಬಿಣ ಕತ್ತರಿಸುತ್ತಿದ್ದ. ಹನ್ನೆರಡು ವರ್ಷದಲ್ಲಿ ಒಂದು ಗಂಟೂ ತಪ್ಪಿರಲಿಲ್ಲ. ಟೇಪು ಹಿಡಿದವರನ್ನೂ ಲೀಲಾಧರ ಕೊನೆಗೆ ಇವನ ಹತ್ತಿರವೇ ಕಳಿಸುತ್ತಿದ್ದ.

ಆ ವರ್ಷ ಜುಲೈಯಲ್ಲಿ ಗಣಿಯ ಮಾಲೀಕ ರಮಾಕಾಂತ ಶೇಟರು ಒಂದು ಗಾಡಿ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದರು. ಯಾವುದೋ ಪರದೇಶದ ಕಂಪನಿಯ ಸಾಹೇಬ ಊರಿಗೆ ವಾಪಸು ಹೋಗುವಾಗ ಮಾರಿದ ಗಾಡಿ. ಜೀಪಿನ ಜಾತಿಯದು, ಆದರೆ ಅದರ ಎರಡರಷ್ಟು ದೊಡ್ಡದು. ಒಳಗೆ ಚರ್ಮದ ಸೀಟು, ತಣ್ಣನೆಯ ಗಾಳಿ ಬಿಡುವ ಯಂತ್ರ, ಕಾಲಿಟ್ಟರೆ ಹೂತು ಹೋಗುವ ಕಾರ್ಪೆಟ್ಟು. ಮುಂದೆ ಹಿಂದೆ ಮುಖ ನೋಡಿಕೊಳ್ಳಬಹುದಾದಂಥ ಬಂಪರು. ಮುಂದಿನ ಗಾಲಿಗಳಿಗೆ ಎಳೆತ ಕೊಡುವ ಶಾಫ್ಟು ಮಾತ್ರ ಮುರಿದಿತ್ತು, ಅದರ ಸಾಮಾನು ಎಲ್ಲೂ ಸಿಗಲಿಲ್ಲ. ಹಿಂದಿನ ಎರಡು ಗಾಲಿಗಳೇ ಎಲ್ಲ ಎಳೆಯಬೇಕು.

ಗಣಿಯ ಟ್ರ್ಯಾಕ್ಟರನ್ನು ಶೇಟರು ಅಂಬರನಾಥದ ಹೊಸ ಕೆಲಸಕ್ಕೆ ಕಳಿಸಿಬಿಟ್ಟಿದ್ದರು. ಕಲ್ಲಿಗೆ ತೂತು ಕೊರೆಯಲು ಗಾಳಿ ಕೊಡುವ ಕಂಪ್ರೆಸರನ್ನು ಇನ್ನು ಮೇಲೆ ಈ ಗಾಡಿಯೇ ಮೇಲಕ್ಕೆ ಎಳೆದೊಯ್ಯಬೇಕಿತ್ತು. ಕಂಪ್ರೆಸರೆಂದರೆ ಎರಡು ಗಾಲಿಯ ಮೇಲೆ ಕೂತ ಒಂದು ಕಬ್ಬಿಣದ ಕೋಣೆ. ಮುಂದೆ ಒಂದು ಮೂತಿ, ಮೂತಿಯ ತುದಿಗೆ ಬಳೆ. ಆ ಬಳೆಯನ್ನು ಎಳೆಯುವ ಗಾಡಿಯ ಕೊಕ್ಕೆಗೆ ಹಾಕಬೇಕು.

"ಗಾಡಿ ಆನೆ ಥರಾ ಎತ್ತರ ಆಗ್ಬೇಕು ಜಟ್ಟೆಪ್ಪ. ಕಲ್ಲು ಗಿಲ್ಲು ಹೊಟ್ಟೆಗೆ ತಾಗಬಾರ್ದು," ಎಂದರು ಶೇಟರು. ಅವರು ಕಾರವಾರದ ಕಡೆಯವರು. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದಾಗ ಮರಾಠಿ.

"ಎತ್ತರ ಮಾಡೋಣ್ರಿ. ಆದ್ರ ಕೊಕ್ಕಿ ಕೆಳಗ ಹಾಕಬೇಕಂದ್ರ ಬಂಪರ್ ಕೊಯ್ಬೇಕಾಕ್ಕೈತಿ."

"ಬಂಪರ್ ಮುಟ್ಟಬೇಡ. ಆ ಬಂಪರ್ ನೋಡಿಯೇ ಗಾಡಿ ತಗೊಂಡಿದ್ದು."

ಲೀಲಾಧರ ಜಟ್ಟೆಪ್ಪನನ್ನು ಪಕ್ಕಕ್ಕೆ ಕರೆದ. "ಎಂತ ಮಾರಾಯ, ಬಂಪರಿನ ಮೇಲೆಯೇ ಕೊಕ್ಕೆ ಕೂರಿಸಿದರೆ ಆಗುದಿಲ್ವಾ?"

"ಮೂತಿ ಎಷ್ಟು ಎತ್ತರ ಅದ ಅನ್ನೂದರ ಮ್ಯಾಲ ಐತ್ರಿ ಅಣ್ಣಾರ. ಎರಡೂ ಸಮ ಬಂದ್ರ ಆಗ್ತೈತಿ. ಇವತ್ತ ಅಳತಿ ತಗೊಂಡು ಬರ್ತೀನಿ."

ಅವತ್ತು ಸಂಜೆ ಜೋರು ಮಳೆ. ಬಸ್ಸಿಳಿದು ಬಂದ ಜಟ್ಟೆಪ್ಪನಿಗೆ ಬೆನ್ನು ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ. ಗಣಿಯ ಬುಡದಲ್ಲಿ ನಿಂತಿದ್ದ ಕಂಪ್ರೆಸರಿಗೆ ಮಳೆ ತಾಗದಂತೆ ನೆಲದವರೆಗೆ ತಾಡಪಾಲು ಹೊದಿಸಿದ್ದರು, ಮೂತಿಯ ತುದಿ ಮಾತ್ರ ಹೊರಗಿತ್ತು. ಬಳೆಯಿಂದ ನೆಲಕ್ಕೆ ದಾರ ಇಳಿಬಿಟ್ಟು ಗಂಟು ಹಾಕಿಕೊಂಡ. ತಾಡಪಾಲು ಎತ್ತಿ ನೋಡಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು. ಹದಿನೈದು ದಿನದ ಹಿಂದೆ ಹೆಂಗಸರು ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಮಾಪಣ್ಣನಿಗೆ ದುಂಬಾಲು ಬಿದ್ದು, ಅದರ ಗಾಲಿಗಳ ಕೆಳಗೂ ಮೂತಿಯ ಆಸರೆಗಾಲಿನ ಕೆಳಗೂ ಗೇಣೆತ್ತರದ ಕಲ್ಲುಗಳನ್ನು ಇಡಿಸಿದ್ದರು. ಮಳೆಗಾಲದಲ್ಲಿ ಕಟ್ಟಿಗೆ ಒಣಗಿರಲು ಆ ತಾಡಪಾಲಿನ ಅಡಿಗಿಂತ ಒಳ್ಳೆಯ ಜಾಗ ಗಣಿಯಲ್ಲಿ ಬೇರೆ ಇರಲಿಲ್ಲ. ಕಟ್ಟಿಗೆಯ ಹೊರೆ ಕಂಪ್ರೆಸರಿನ ಅಡಿಗೆ ಹೋಗಲು ಎತ್ತರ ಸಾಲುತ್ತಿರಲಿಲ್ಲ. ಅದಕ್ಕೇ ಎತ್ತಿ ಇಟ್ಟಿದ್ದರು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಜಟ್ಟೆಪ್ಪನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮಾನಮ್ಮನೂ ಹೇಳಿರಲಿಲ್ಲ. ಒಲೆಯಲ್ಲಿ ಒಣ ಕಟ್ಟಿಗೆ ಉರಿಯುತ್ತಿದ್ದರೆ ಯಾವ ಗಂಡಸೂ ಅದು ಎಲ್ಲಿಂದ ಬಂತೆಂದು ಕೇಳುವುದಿಲ್ಲ.

ಗಾಡಿ ಎತ್ತರಿಸಿದ ಮೇಲೆ ಬಂಪರು ಎಲ್ಲಿಗೆ ಬರುತ್ತದೋ ಅಲ್ಲಿಗೇ ದಾರದ ಗಂಟು ಸರಿಯಾಗಿ ಬಂತು. ಬಂಪರು ಕೊಯ್ಯಬೇಕಿಲ್ಲವೆಂದು ಶೇಟರಿಗೆ ಬಹಳ ಸಂತೋಷವಾಯಿತು.

ಎರಡು ತಿಂಗಳು ಕೆಲಸ ನಡೆಯಿತು. ಟೆಂಪೋದ ಕಮಾನು ಪಟ್ಟಿಗಳನ್ನು ಸೇರಿಸಿ ಗಾಡಿಯನ್ನು ಎತ್ತರಿಸಿದ. ಹೊಟ್ಟೆಯ ಕೆಳಗೆ ದಪ್ಪ ತಗಡು ಹೊಡೆದ. ಕೊಕ್ಕೆಯನ್ನು ಗಾಡಿಯ ಅಡಿಚೌಕಟ್ಟಾದ ಚಾಸಿಗೆ ವೆಲ್ಡಿಂಗ್ ಮಾಡಲು ಲೀಲಾಧರ ಹೇಳಿದರೂ ಕೇಳಲಿಲ್ಲ. ಬೆಂಕಿ ತಗುಲಿದ ಚಾಸಿ ಮುಂದೊಂದು ದಿನ ಅಲ್ಲೇ ಬಿರುಕು ಬಿಡುತ್ತದೆಂದು ಟ್ರಕ್ಕಿನ ಕೆಲಸದಲ್ಲಿ ಕಲಿತಿದ್ದ. ಎಂಟು ತೂತು ಕೊರೆದು ಎಂಟು ಬೋಲ್ಟು ಬಿಗಿದ. ಮಾರನೇ ದಿನ ಬಿಚ್ಚಿ ಮತ್ತೆ ಬಿಗಿದ.

"ಸಾಕು ಮಾರಾಯ, ಹಡಗು ಎಳೆಯುದಾ ಇದರಲ್ಲಿ?" ಎಂದು ಲೀಲಾಧರ ನಕ್ಕ.

ಜಟ್ಟೆಪ್ಪ ನಗಲಿಲ್ಲ. "ದಾರಿ ಕೆಳಗ ನಮ್ಮ ಹೆಣ್ಮಕ್ಳು ಕುಂತಿರ್ತಾರ್ರಿ ಅಣ್ಣಾರ. ಕೊಕ್ಕಿ ಬಿಟ್ರ ಸೀದಾ ಅವರ ಮ್ಯಾಲೆ."

ಅವನ ತಲೆಯಲ್ಲಿ ಇದ್ದದ್ದು ಅದೊಂದೇ, ಕೊಕ್ಕೆ ಬಿಡಬಾರದು. ಎತ್ತರದ ಬಗ್ಗೆ ಅವನು ಮತ್ತೆ ಯೋಚಿಸಲಿಲ್ಲ.

ಮಳೆ ನಿಂತು ನವರಾತ್ರಿಗೆ ನಾಲ್ಕು ದಿನ ಇರುವಾಗ ಗಾಡಿ ಗಣಿಗೆ ಬಂತು. ಜಟ್ಟೆಪ್ಪ ರಜೆ ಹಾಕಿ ನಿಂತಿದ್ದ. ಲೀಲಾಧರನೂ ಬಂದಿದ್ದ. ಶೇಟರು ತೆಂಗಿನಕಾಯಿ ಒಡೆಸಿದರು. ಗಣಿಯ ಆಳುಗಳು ಗಾಡಿಯ ಸುತ್ತ ನೆರೆದರು. ಒಬ್ಬ ಬಂಪರಿನಲ್ಲಿ ಹಲ್ಲು ನೋಡಿಕೊಂಡ. ಶೇಟರ ಡ್ರೈವರ್ ಮುರಾರಿ ಬಟ್ಟೆ ಹಿಡಿದು, "ಹಾಥ್ ಮತ್ ಲಗಾವ್," ಎನ್ನುತ್ತ ಬೆರಳಿನ ಗುರುತು ಒರೆಸುತ್ತಿದ್ದ.

ಜಟ್ಟೆಪ್ಪ ಶೇಟರ ಹತ್ತಿರ ಹೋದ. "ಶೇಟ್ರ, ಒಂದ್ ತಾಸು ಹೆಣ್ಮಕ್ಳನ್ನ ಚಪ್ಪರದಿಂದ ಎಬ್ಬಸ್ರಿ."

"ಯಾಕೆ? ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ?"

"ಐತ್ರಿ. ಆದ್ರೂ..."

"ಖಡಿ ಒಯ್ಯೋ ಟ್ರಕ್ಕು ನಿಂತಿದೆ. ಕೆಲಸ ಬಂದ್ ಮಾಡೋಕೆ ಆಗೋದಿಲ್ಲ."

ತಾಡಪಾಲು ತೆಗೆದು, ಕಟ್ಟಿಗೆ ಹೊರಗೆಳೆದು, ಕಲ್ಲುಗಳ ಮೇಲಿಂದ ಕಂಪ್ರೆಸರನ್ನು ಇಳಿಸುವ ಕೆಲಸವನ್ನು ಮಾಪಣ್ಣನ ಜನ ಬೆಳಿಗ್ಗೆ ಜಟ್ಟೆಪ್ಪ ಬರುವ ಮೊದಲೇ ಮುಗಿಸಿದ್ದರು. ಬಳೆಯನ್ನು ಕೊಕ್ಕೆಗೆ ಹಾಕಲು ಹೋದಾಗ ಅದು ಗೇಣು ಕೆಳಗೇ ಉಳಿಯಿತು. ಆರು ಜನ ಹೆಗಲು ಕೊಟ್ಟು ಮೂತಿಯನ್ನು ಎತ್ತಿ ಸಿಕ್ಕಿಸಿದರು. ಮೂತಿ ಮೇಲಾಗಿ, ಕಂಪ್ರೆಸರು ಹಿಂದಕ್ಕೆ ವಾಲಿ ನಿಂತಿತು. ಜಟ್ಟೆಪ್ಪ ಅದನ್ನು ನೋಡಿದ. ಆದರೆ ಜನ ಚಪ್ಪಾಳೆ ತಟ್ಟುತ್ತಿದ್ದರು, ಶೇಟರು ಮುಂದಿನ ಸೀಟಿನಲ್ಲಿ ಕೂತು ಕೈ ಬೀಸಿ ಆಗಿತ್ತು. ಆಗಲೇ ತಡೆಯಬೇಕಿತ್ತು ಎಂದು ಆಮೇಲೆ ಅವನೇ ಎಷ್ಟೋ ಸಲ ಹೇಳಿದ್ದಾನೆ.

ಗಾಡಿ ಅರ್ಧ ದಾರಿ ಚೆನ್ನಾಗಿಯೇ ಹತ್ತಿತು. ಅಲ್ಲಿಂದ ಮೇಲೆ ಏರು ಕಡಿದಾಗುತ್ತದೆ. ಹಿಂದಿನ ಗಾಲಿಗಳು ಇದ್ದಲ್ಲೇ ಗರಗರ ತಿರುಗತೊಡಗಿದವು. ಜಲ್ಲಿ ಸಿಡಿಯಿತು, ರಬ್ಬರಿನ ಹೊಗೆ ಎದ್ದಿತು. ಗಾಡಿ, ಕಂಪ್ರೆಸರು ಎರಡೂ ಒಂದು ಮೊಳ ಹಿಂದಕ್ಕೆ ಜಾರಿದವು. ಮಾಪಣ್ಣ "ಕಲ್ಲ್ ಹಾಕ್ರಲೇ, ಕಲ್ಲ್!" ಎಂದು ಕೂಗಿದ. ಆಳುಗಳು ಗಾಲಿಗಳ ಹಿಂದೆ ಕಲ್ಲು ಒಗೆದರು. ಎಲ್ಲ ನಿಂತಿತು. ಕೆಳಗೆ ಚಪ್ಪರದಲ್ಲಿ ಸುತ್ತಿಗೆಯ ಸದ್ದೂ ನಿಂತಿತು.

"ದಾಬ್ ರೇ, ದಾಬ್!" ಇನ್ನೂ ಒತ್ತು ಎಂದು ಶೇಟರು ಮುರಾರಿಯ ಮೇಲೆ ಹರಿಹಾಯ್ದರು. "ಗಾಡಿ ಚಾಲವಾಯ್ಲಾ ಯೇತ್ ನಾಹೀ ತುಲಾ!"

ಗಾಡಿ ಓಡಿಸುವುದೇ ಗೊತ್ತಿಲ್ಲವೆಂದು ಅಷ್ಟು ಜನರ ಎದುರು ಬೈಸಿಕೊಂಡ ಮುರಾರಿ ಬ್ರೇಕನ್ನು ಇನ್ನಷ್ಟು ಒತ್ತಿ ಹಿಡಿದ.

ಜಟ್ಟೆಪ್ಪ ಬಗ್ಗಿ ನೋಡಿದ. ಕೊಕ್ಕೆ, ಎಂಟು ಬೋಲ್ಟು ಎಲ್ಲ ಗಟ್ಟಿಯಾಗಿದ್ದವು. ಆದರೆ ಹಿಂದಕ್ಕೆ ವಾಲಿದ ಕಂಪ್ರೆಸರಿನ ಭಾರವೆಲ್ಲ ಅದರ ಹಿಂಭಾಗಕ್ಕೆ ಹೋಗಿ, ಮೂತಿ ಗಾಡಿಯ ಹಿಂಬದಿಯನ್ನು ಮೇಲಕ್ಕೆತ್ತುತ್ತಿತ್ತು. ಹಿಂಭಾರ ಹೇರಿದ ಬಂಡಿಯಲ್ಲಿ ನೊಗ ಮೇಲೆದ್ದು ಎತ್ತುಗಳ ಕೊರಳು ಬಿಗಿಯುವ ಹಾಗೆ. ನೆಲಕ್ಕೆ ಭಾರವೇ ಬೀಳದಿದ್ದರೆ ಗಾಲಿ ಹಿಡಿಯುವುದಾದರೂ ಏನನ್ನು?

ಬಂಡಿ ಹಿಂಭಾರವಾದರೆ ಮಾಡುವುದು ಒಂದೇ. ಹಿಂದಿದ್ದವರನ್ನು ಮುಂದೆ ಕೂರಿಸುವುದು. ಜಟ್ಟೆಪ್ಪ ಗಾಡಿಯ ಹಿಂದಿನ ಬಾಗಿಲನ್ನು ತೆರೆದು ಕೆಳಗೆ ತಿರುಗಿ ಕೂಗಿದ, "ಏ ಮಾನವ್ವಾ! ಎಲ್ಲಾರೂ ಬರ್ರಿ ಇಲ್ಲಿ! ಒಬ್ಬರೂ ಅಲ್ಲಿ ಉಳೀಬ್ಯಾಡ್ರಿ!"

ಎಂಟು ಹೆಂಗಸರೂ ಸೀರೆ ಎತ್ತಿ ಕಟ್ಟಿಕೊಂಡು ಏರು ಹತ್ತಿ ಬಂದರು. ತಲೆಯಿಂದ ಕಾಲಿನವರೆಗೆ ಬಿಳಿ ಧೂಳು.

"ಒಳಗ ಕುಂದರ್ರಿ."

"ಯಾರ್ ಒಳಗ?" ಎಂದಳು ಮಾನಮ್ಮ. "ನಿಮಗೇನ್ ಹುಚ್ಚ ಹಿಡದೈತೇನ್ರಿ?"

"ಭಾರ ಬೇಕಾಗೈತಿ. ಗಾಲಿ ನೆಲಾ ಹಿಡಿಯವಲ್ದು. ಹತ್ತು."

ಶೇಟರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಅರೇ, ಕಾರ್ಪೆಟ್! ಜಟ್ಟೆಪ್ಪ, ಗಂಡಸರನ್ನ ಬಂಪರ್ ಮೇಲೆ ನಿಲ್ಸು!"

"ನಿಂತವ್ರು ಜಾರಿ ಗಾಲಿ ಕೆಳಗ ಬೀಳ್ತಾರ್ರಿ ಶೇಟ್ರ. ಒಳಗ ಕುಂದರಬೇಕು."

ಮರಗಮ್ಮ ಎಂಬವಳು, ಅವರಲ್ಲಿ ಎಲ್ಲರಿಗಿಂತ ದಪ್ಪಗಿದ್ದವಳು, ಮೊದಲು ಕಾಲಿಟ್ಟಳು. "ಬಾರ ಮಾನವ್ವಾ, ನನ್ನ ಲಗ್ನದಾಗೂ ನನಗ ಇಂಥಾ ಗಾಡಿ ತರಲಿಲ್ಲ. ನಿನ್ನ ಗಂಡನ ಕೃಪಾ."

"ನೀ ಒಬ್ಬಾಕಿ ಕುಂತ್ರ ಸಾಕಿತ್ತ ತಗಿ, ನಾವ್ಯಾಕ?" ಎಂದು ಇನ್ನೊಬ್ಬಳು ಹೇಳಿದಾಗ ಎಲ್ಲರೂ ನಕ್ಕರು. ಜಟ್ಟೆಪ್ಪನೂ ಮಾಪಣ್ಣನೂ ದೊಡ್ಡ ಕಲ್ಲು ಹಿಡಿದು ಒಬ್ಬೊಬ್ಬರು ಒಂದೊಂದು ಗಾಲಿಯ ಪಕ್ಕ ನಿಂತರು. ಗಾಡಿಯ ಹಿಂಬದಿ ಕುಗ್ಗಿ ಕೂತಿತು. ಮುರಾರಿ ನಿಧಾನಕ್ಕೆ ಬಿಟ್ಟ. ಗಾಲಿ ನೆಲ ಕಚ್ಚಿತು. ಹೆಜ್ಜೆ ಹೆಜ್ಜೆಗೂ ಕಲ್ಲು ಸರಿಸುತ್ತ ಇಬ್ಬರೂ ತುದಿಯವರೆಗೆ ಬಗ್ಗಿಕೊಂಡೇ ಬಂದರು.

ಮೇಲೆ ಮುಟ್ಟಿದ ಮೇಲೆ ಶೇಟರ ಮುಖ ಅರಳಿತು. "ಬಸ್, ಉಪಾಯ ಸಿಕ್ಕಿತು. ವಾರಕ್ಕೆ ಎರಡು ಸಲ ತಾನೇ? ಪ್ರತಿ ಸಲ ಇವರನ್ನೇ ಕೂರಿಸೋಣ. ಒಂದು ತಾಡಪಾಲು ಹಾಸಿದರಾಯ್ತು. ಈ ಮುರಾರಿಗೆ ಮಾತ್ರ ಓಡಿಸೋದು ಕಲಿಸಬೇಕು."

ಲೀಲಾಧರ ನಿಟ್ಟುಸಿರು ಬಿಟ್ಟ. ಕೆಲಸ ಮುಗಿದಂತಾಗಿತ್ತು. ತಪ್ಪು ಡ್ರೈವರನ ತಲೆಯ ಮೇಲೆ ಹೋಗಿತ್ತು. ಸುಮ್ಮನಿದ್ದರೆ ಸಾಕಿತ್ತು. ಜಟ್ಟೆಪ್ಪ ಕಲ್ಲಿನ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದ. ಹೆಂಗಸರು ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ವಾರಕ್ಕೆ ಎರಡು ಸಲ ಹತ್ತುವುದು, ಎರಡು ಸಲ ಇಳಿಯುವುದು. ಇಳಿಯುವಾಗ ಒಂದು ಕಲ್ಲು ತಪ್ಪಿದರೂ ಎಂಟೂ ಜನ ಒಳಗೇ ಇರುತ್ತಾರೆ.

"ಶೇಟ್ರ, ಮುರಾರಿದು ತಪ್ಪಿಲ್ರಿ," ಎಂದ. "ತಪ್ಪು ನಂದು. ಕೊಕ್ಕಿ ಒಂದ್ ಗೇಣು ಮ್ಯಾಲಾಗೈತಿ. ನಾ ಅಳತಿ ತಪ್ಪೀನಿ."

"ನಿನ್ನ ದಾರ ತಪ್ಪೋದಿಲ್ಲ ಅಂತಾರಲ್ಲ ಎಲ್ಲರೂ?"

"ತಪ್ಪೇತ್ರಿ."

ಮಾಪಣ್ಣ ತಲೆ ಕೆರೆದುಕೊಂಡ. "ಮಳಿಗಾಲದಾಗ ಅದನ್ನ ಕಲ್ಲಿನ ಮ್ಯಾಲ ಇಟ್ಟಿದ್ವೆಲ್ಲೋ ಜಟ್ಟೆಪ್ಪಾ, ಕಟಗಿ ಸಲುವಾಗಿ."

ಮಾನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ನೀವು ಅಳೀತೀರಂತ ನನಗ ಯಾರ್ ಹೇಳ್ಯಾರ? ಹೇಳಿದ್ರ ಕಟಗಿ ತಗೀತಿದ್ವಿ."

"ನೀ ಸುಮ್ನಿರು. ತಾಡಪಾಲ ಎತ್ತಿ ನೋಡೂದು ನನ್ನ ಕೆಲಸ ಇತ್ತು." ಶೇಟರ ಕಡೆ ತಿರುಗಿದ. "ಬಂಪರ್ ಕೊಯ್ದು ಕೊಕ್ಕಿ ಕೆಳಗ ಇಳಸಬೇಕ್ರಿ. ಅಲ್ಲೀಮಟ ಈ ಹೆಣ್ಮಕ್ಕಳು ಇದರಾಗ ಕುಂದರೂದಿಲ್ಲ."

ಶೇಟರು ಮರಾಠಿಗೆ ಇಳಿದರು. ಅದನ್ನೆಲ್ಲ ಬರೆಯುವುದು ಬೇಡ. ಕೊನೆಗೆ ಅವರನ್ನು ಒಪ್ಪಿಸಿದ್ದು ಜಟ್ಟೆಪ್ಪನ ಮಾತಲ್ಲ. ಕಾರ್ಪೆಟ್ಟಿನ ಮೇಲೆ ಬಿದ್ದಿದ್ದ ಖಡಿಯ ಪುಡಿ, ಚರ್ಮದ ಸೀಟಿನ ಮೇಲೆ ಯಾವುದೋ ಸುತ್ತಿಗೆ ಗೀರಿದ ಗೆರೆ.

ಇಳಿದು ಬರುವಾಗ ಲೀಲಾಧರ ಮೆಲ್ಲಗೆ ಹೇಳಿದ, "ಹನ್ನೆರಡು ವರ್ಷದ ಹೆಸರು ಮಾರಾಯ. ಸುಮ್ಮನೆ ಕೂತಿದ್ದರೆ ನಾಲ್ಕು ದಿನ ಬಿಟ್ಟು ಏನಾದರೂ ನೆಪ ಹೇಳಿ ಸರಿ ಮಾಡ್ಬಹುದಿತ್ತು."

"ಆ ನಾಕು ದಿನದಾಗ ಗಾಡಿ ಒಂದ್ ಸಲ ಇಳೀತೈತ್ರಿ ಅಣ್ಣಾರ."

ಬಂಪರನ್ನು ಗಣಿಯ ಮೇಲೆಯೇ ಕೊಯ್ದರು. ಠಾಣೆಯಿಂದ ಕಬ್ಬಿಣ ಕೊಯ್ಯುವ ಗ್ಯಾಸಿನ ಸಿಲಿಂಡರು ತಂದು ಮೂರು ದಿನ ಜಟ್ಟೆಪ್ಪ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡಿದ. ಈ ಸಲ ಕಂಪ್ರೆಸರನ್ನು ಬರಿ ನೆಲದ ಮೇಲೆ ನಿಲ್ಲಿಸಿ, ಗಾಲಿಗಳ ಕೆಳಗೆ ಕೈ ಆಡಿಸಿ ನೋಡಿ, ಗಂಟು ಹಾಕಿದ. ಹೊಳೆಯುವ ಬಂಪರಿನ ನಡುವೆ ಹಲ್ಲು ಬಿದ್ದ ಬಾಯಿಯಂಥ ಸಂದು ಉಳಿಯಿತು. ಅದಾದ ಮೇಲೆ ಲೀಲಾಧರ ಅವನಿಗೆ ಗಾಡಿಗಳ ಕೆಲಸ ಕೊಡುವುದನ್ನು ಕಡಿಮೆ ಮಾಡಿದ. ಹೆಚ್ಚಾಗಿ ಕಿಟಕಿಯ ಜಾಲರಿ, ಗೇಟು. ಜಟ್ಟೆಪ್ಪ ಯಾಕೆಂದು ಕೇಳಲಿಲ್ಲ. ಕೇಳುವಷ್ಟು ಶಕ್ತಿ ಇರಲಿಲ್ಲವೆಂದು ಮಾನಮ್ಮ ಹೇಳುತ್ತಾಳೆ.

ನಾಲ್ಕನೇ ದಿನ ಬೆಳಿಗ್ಗೆ ಕಂಪ್ರೆಸರನ್ನು ಕೆಳಗಿಳಿಸಿದರು. ಒಳಗೆ ಮುರಾರಿ ಒಬ್ಬನೇ. ಜಟ್ಟೆಪ್ಪ ಅರ್ಧ ದಾರಿಯಲ್ಲಿ, ಬದಿಗೆ ಕಲ್ಲು ಹಿಡಿದು ನಿಂತಿದ್ದ. ಗಾಡಿ ಅವನನ್ನು ದಾಟಿ, ಚಪ್ಪರವನ್ನೂ ದಾಟಿ, ಸಮನೆಲಕ್ಕೆ ಹೋಗಿ ನಿಂತಿತು. ಚಪ್ಪರದಲ್ಲಿ ಸುತ್ತಿಗೆಯ ಸದ್ದು ಒಂದು ಸಲವೂ ತಪ್ಪಲಿಲ್ಲ. ಅವನು ಕಲ್ಲನ್ನು ಕೆಳಗಿಟ್ಟು, ನಿಂತಲ್ಲೇ ಕೂತು, ಕೂತಲ್ಲೇ ನಿದ್ದೆ ಹೋದ. ಮಧ್ಯಾಹ್ನ ಮಾನಮ್ಮ ರೊಟ್ಟಿ ತಂದು ಎಬ್ಬಿಸುವವರೆಗೂ ಯಾರೂ ಅವನನ್ನು ಮಾತಾಡಿಸಲಿಲ್ಲ.