ತಿರುವಿನ ಹೊಸ ನಿಯಮ

ಬಂದರಿನ ಜೆಟ್ಟಿಯಲ್ಲಿ ಎಲ್ಲರೂ ಅವಳನ್ನು ಸೈರನ್ ಅಕ್ಕ ಎಂದೇ ಕರೆಯುತ್ತಿದ್ದರು. ಆಚೆ ದಡಕ್ಕೆ ಹೋಗುವ ಲಾಂಚಿನ ಪಕ್ಕ ನಿಂತು "ಹತ್ತಿ ಹತ್ತಿ, ಹೊರಟೇಬಿಟ್ವಿ!" ಎಂದು ಅವಳು ಕೂಗಿದರೆ, ಗೋದಾಮಿನ ಮೂಲೆಯಲ್ಲಿ ತೂಕಡಿಸುತ್ತಿದ್ದವನೂ ಎದ್ದು ಚಪ್ಪಲಿ ಹುಡುಕುತ್ತಿದ್ದ. ಕೂಗಿದ ಮೇಲೂ ಲಾಂಚು ಅಷ್ಟು ಸುಲಭವಾಗಿ ಹೊರಡುತ್ತಿರಲಿಲ್ಲ, ಅದು ಬೇರೆ ಮಾತು. ಚುಕ್ಕಾಣಿ ಗಂಡನದು, ಎಂಜಿನ್ನು ಮೈದುನನದು, ಟಿಕೆಟ್ಟು ಮತ್ತು ಬಾಯಿ ಇವಳದು.

"ಅತ್ತಿಗೆ ಇರೋವಾಗ ನಮಗೆ ಹಾರ್ನ್ ಯಾಕೆ?" ಎಂದು ಮೈದುನ ಗೇಲಿ ಮಾಡುತ್ತಿದ್ದ. ಎಣ್ಣೆ ಮೆತ್ತಿದ ಅವನ ಬೆನ್ನಿಗೆ ಅವಳು ಟಿಕೆಟ್ ಚೀಲದಿಂದಲೇ ಒಂದು ಬಾರಿಸುತ್ತಿದ್ದಳು. ಅವಳು ಮದುವೆಯಾಗಿ ಬಂದಾಗ ಅವನಿನ್ನೂ ಶಾಲೆಯ ಹುಡುಗ. ಅವನ ಅಂಗಿಗೆ ಗುಂಡಿ ಹೊಲಿದು, ತಲೆ ಬಾಚಿ ಕಳಿಸಿದವಳು ಅವಳೇ, ಮುಂದೆ ಮದುವೆ ಮಾಡಿಸಿದವಳೂ ಅವಳೇ.

ಹಡಗುಗಳು ಬರುವ ಕಾಲುವೆ ಸಿಮೆಂಟು ಗೋದಾಮಿನ ಹತ್ತಿರ ತಟ್ಟನೆ ತಿರುಗುತ್ತದೆ. ತಿರುವಿನಾಚೆ ಏನು ಬರುತ್ತಿದೆಯೋ ಈಚೆಯವರಿಗೆ ಕಾಣುವುದಿಲ್ಲ. ಮಂಜು ಕವಿದ ಒಂದು ಬೆಳಿಗ್ಗೆ ಜನರನ್ನು ಆಚೆ ಇಳಿಸಿ ಲಾಂಚು ಖಾಲಿ ಬರುತ್ತಿದ್ದಾಗ ಆ ತಿರುವಿನಿಂದ ಸರಕು ಹಡಗೊಂದು ನುಗ್ಗಿ ಬಂತು. ಡಿಕ್ಕಿಯಾಗಲಿಲ್ಲ. ಹಡಗು ಎಬ್ಬಿಸಿದ ಅಲೆಯೇ ಲಾಂಚನ್ನು ಎತ್ತಿ ಕಲ್ಲುಗೋಡೆಗೆ ಬಡಿಯಿತು. ಮೈದುನ ಹಗ್ಗ ಹಿಡಿದು ಉಳಿದುಕೊಂಡ. ಗಂಡ ಉಳಿಯಲಿಲ್ಲ. ಜೆಟ್ಟಿಯ ಮೇಲಿದ್ದ ಅವಳು ಗಂಟಲು ಹರಿಯುವಂತೆ ಕೂಗಿದಳು. ಹಡಗು ನಿಲ್ಲಲಿಲ್ಲ.

ವಿಚಾರಣೆ ನಡೆಯಿತು. ಹಡಗು ಯಾವ ನಿಯಮವನ್ನೂ ಮುರಿದಿಲ್ಲವೆಂದರು. ತಿರುವಿನಲ್ಲಿ ಇಷ್ಟೇ ವೇಗದಲ್ಲಿ ಬರಬೇಕೆಂಬ ನಿಯಮವೇ ಇರಲಿಲ್ಲ. ಬಂದರಿನ ನಿಯಮಗಳನ್ನು ಬರೆದ ಕಾಲಕ್ಕೆ ಅಷ್ಟು ದೊಡ್ಡ ಹಡಗುಗಳೂ ಇರಲಿಲ್ಲ.

"ಹಾಗಾದ್ರೆ ನಿಯಮ ಬದಲಾಯಿಸಲಿ," ಎಂದಳು ಅವಳು.

ಮೈದುನನಿಗೆ ಅದು ಬೇಡವಾಗಿತ್ತು. "ದೊಡ್ಡವರ ಕಣ್ಣಿಗೆ ಬೀಳದೆ ಇದ್ರೇನೇ ನಮಗೆ ಒಳ್ಳೇದು ಅತ್ತಿಗೆ. ಲಾಂಚ್ ರಿಪೇರಿ ಆಗಿದೆ, ಬನ್ನಿ, ನಮ್ಮ ಕೆಲಸ ನೋಡೋಣ."

"ನಿಮ್ಮಣ್ಣನ್ನ ಕಳಕೊಂಡಿದ್ದು ಸಾಲದಾ? ನಿನ್ನನ್ನೂ ನೀರಿಗೆ ಕೊಟ್ಟು ಕೂತ್ಕೊಳ್ಳಲಾ?"

ಅವಳು ಬಂದರು ಕಚೇರಿಗೆ ಅಲೆದಳು. ಬೇರೆ ದೋಣಿಯವರನ್ನು ಒಟ್ಟು ಮಾಡಿ ಬಾಗಿಲಲ್ಲಿ ಕೂತಳು. ಕಾವಲುಗಾರ ಮೊದಮೊದಲು ಗದರಿದ, ಆಮೇಲೆ ಕುರ್ಚಿ ಕೊಡತೊಡಗಿದ. ಕೊನೆಗೆ ನಿಯಮಗಳನ್ನು ಪರಿಷ್ಕರಿಸಲು ಒಂದು ಸಮಿತಿಯಾಗಿ, ಅವಳಿಗೂ ಕರೆ ಬಂತು. ತಣ್ಣನೆಯ ಕೋಣೆ, ಉದ್ದನೆಯ ಮೇಜು, ಗೋಡೆಯ ತುಂಬ ನಕ್ಷೆ. ಜೆಟ್ಟಿಯಲ್ಲಿ ಕೂಗುತ್ತಿದ್ದವಳು ಅಲ್ಲಿ ಮೆಲುದನಿಯಲ್ಲಿ ಹೇಳಿದಳು:

"ತಿರುವಲ್ಲಿ ಹಡಗುಗಳು ನಿಧಾನವಾಗಿ ಬರಲಿ ಸಾರ್, ಅಷ್ಟೇ. ಇನ್ನೊಬ್ಬರು ಸಾಯಬಾರದು."

ಬಂದರಿನ ಕ್ಯಾಪ್ಟನ್ ತಲೆಯಾಡಿಸಿದ. "ಇನ್ನೊಬ್ಬರು ಸಾಯದ ಹಾಗೆ ನೋಡ್ಕೊಳ್ತೀವಿ ಅಮ್ಮ."

ಮಾತು ಉಳಿಸಿಕೊಂಡ. ಹೊಸ ನಿಯಮ ಬಂತು: ತಿರುವಿನ ಕಾಲುವೆ ಇನ್ನು ದೊಡ್ಡ ಹಡಗುಗಳಿಗೆ ಮಾತ್ರ. ದೋಣಿ, ಲಾಂಚುಗಳು ಬಂದರಿನ ಬಾಯಿಯವರೆಗೆ ಹೋಗಿ, ಅಲ್ಲಿ ದಾಟಿ, ಸುತ್ತಿಕೊಂಡು ಬರಬೇಕು. ಅವಳು ಏದುಸಿರು ಬಿಡುತ್ತ ಕಚೇರಿಯ ಮೆಟ್ಟಿಲು ಹತ್ತಿದಳು.

"ನಾನು ಕೇಳಿದ್ದು ಇದಲ್ಲ!"

"ತುಂಬಾ ನಿಧಾನ ಮಾಡಿದ್ರೆ ಅಷ್ಟು ದೊಡ್ಡ ಹಡಗು ಚುಕ್ಕಾಣಿಯ ಮಾತು ಕೇಳಲ್ಲ ಅಮ್ಮ, ನೇರ ಗೋಡೆಗೇ ಹೋಗುತ್ತೆ," ಎಂದು ಕ್ಯಾಪ್ಟನ್ ತಾಳ್ಮೆಯಿಂದಲೇ ವಿವರಿಸಿದ. "ಹಡಗನ್ನ ತಡೆಯೋಕಾಗಲ್ಲ. ನಿಮ್ಮನ್ನ ದೂರ ಇಡಬಹುದು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅವಳಿಗೂ ಗೊತ್ತಾಯಿತು. ಜಗಳಕ್ಕೂ ದಾರಿ ಉಳಿಯಲಿಲ್ಲ.

ಸುತ್ತಿ ಹೋಗುವ ಲಾಂಚಿಗೆ ಯಾರು ಹತ್ತುತ್ತಾರೆ? ಜನ ಸೇತುವೆಯ ಬಸ್ಸು ಹಿಡಿದರು. ಜೆಟ್ಟಿಯಲ್ಲಿ ಒಂದೊಂದೇ ದೋಣಿ ಮೂಲೆ ಸೇರಿತು. ಅವಳ ಜೊತೆ ಕಚೇರಿಯ ಬಾಗಿಲಲ್ಲಿ ಕೂತಿದ್ದವರೇ ಈಗ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಮೈದುನ ಲಾಂಚನ್ನು ಮಾರಿದ ದಿನ ಮನೆಯ ಹೊಸ್ತಿಲಲ್ಲೇ ನಿಂತು ಹೇಳಿದ:

"ಅಣ್ಣನ್ನ ಮುಳುಗಿಸಿದ್ದು ಆ ಹಡಗು. ನಮ್ಮನ್ನೆಲ್ಲ ಮುಳುಗಿಸಿದ್ದು ನೀವು ಅತ್ತಿಗೆ."

ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆ ಊರಿನ ಬಂದರಿಗೆ ಹೋದ. ಯಾವ ಊರೆಂದು ಅವಳಿಗೆ ತಿಳಿದದ್ದು ಪಕ್ಕದ ಮನೆಯವರಿಂದ.

ಸುರಕ್ಷತಾ ದಿನದಂದು ಬಂದರಿನವರು ಅವಳನ್ನು ವೇದಿಕೆ ಹತ್ತಿಸಿ ಶಾಲು ಹೊದಿಸಿದರು. ಹೊಸ ನಿಯಮ ಬಂದಮೇಲೆ ತಿರುವಿನಲ್ಲಿ ಒಂದೂ ಸಾವಾಗಿಲ್ಲ, ಅದಕ್ಕೆ ಈ ತಾಯಿಯೇ ಕಾರಣ ಎಂದು ಹೊಗಳಿದರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು.

"ಸಾಯೋಕೆ ಅಲ್ಲಿ ನಮ್ಮವರು ಯಾರಿದ್ದಾರೆ ಸ್ವಾಮಿ?" ಎಂದಳು.

ಮುಂದಿನ ಸಾಲಿನವರು ಅದನ್ನು ತಮಾಷೆಯೆಂದುಕೊಂಡು ಚಪ್ಪಾಳೆ ತಟ್ಟಿದರು.

ಈಗ ಅವಳು ಬಸ್ ನಿಲ್ದಾಣದಲ್ಲಿ ಕಸ ಗುಡಿಸುತ್ತಾಳೆ. ಮೈದುನನಿಗೆ ಆಗೊಮ್ಮೆ ಈಗೊಮ್ಮೆ ಫೋನು ಮಾಡುತ್ತಾಳೆ. ಅವನು ಎತ್ತುವುದಿಲ್ಲ. ಆದರೆ ರಿಂಗಾಗುತ್ತದೆ, ಅಂದರೆ ಅವನು ಎಲ್ಲೋ ಬದುಕಿದ್ದಾನೆ. ತಾನು ಬಯಸಿದ್ದು ಅದನ್ನೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಹೇಳಿಕೊಂಡ ಮಾತು ಮಾತ್ರ ಗಂಟಲಿನಿಂದ ಕೆಳಗಿಳಿಯುವುದಿಲ್ಲ.