ಹಲವಾಗಲಿನ ಬಿಡದ ಕೈ

ಹಲವಾಗಲಿನ ಮಾವನ ಮನೆಯಲ್ಲಿ ನಡೆದದ್ದರ ಬಗ್ಗೆ ನಮ್ಮ ಬಳಗದಲ್ಲಿ ಒಂದೇ ಕಥೆ ಚಾಲ್ತಿಯಲ್ಲಿದೆ. ಅಣ್ಣನಿಗೂ ಮಾವನ ಮಗಳಿಗೂ ಮದುವೆ ಮಾತಾಡಲು ಹೋದ ದಿನ ಮಾವ ಅಳಿಯನ ಕೈ ಹಿಡಿದವರು ಬಿಡಲೇ ಇಲ್ಲವಂತೆ, ಅಷ್ಟು ಪ್ರೀತಿಯಂತೆ. ಕೂಡ್ಲಿಗಿಯ ಚಿಕ್ಕಮ್ಮ ಇದನ್ನು ಹೇಳುವಾಗ ಕಣ್ಣೊರೆಸಿಕೊಳ್ಳುತ್ತಾಳೆ. ಚಿಕ್ಕಮ್ಮ ಆ ದಿನ ಕೂಡ್ಲಿಗಿಯಲ್ಲೇ ಇದ್ದಳು. ಹಲವಾಗಲಿನಲ್ಲಿ ಇದ್ದದ್ದು ನಾನು. ಕೈ ಬಿಡಲಿಲ್ಲ ಎಂಬ ಭಾಗವನ್ನು ಒಪ್ಪುತ್ತೇನೆ. ಪ್ರೀತಿ ಎಂಬ ಭಾಗಕ್ಕೆ ಪುರಾವೆ ಬೇಕು.

ಮೊದಲು ಅಣ್ಣನ ಕೈಯ ವಿಷಯ. ಕೊಟ್ಟೂರಿನಲ್ಲಿ ಕಬಡ್ಡಿ ಆಡುತ್ತಿದ್ದಾಗ ಅವನ ಹಿಡಿತ ಪ್ರಸಿದ್ಧವಾಗಿತ್ತು. ಸೀಟಿ ಊದಿದ ಮೇಲೂ ಎದುರಾಳಿಯ ಕಾಲು ಬಿಡುತ್ತಿರಲಿಲ್ಲ. ನೋಡುವವರು ಹುಲಿ ಎಂದರು, ಅಂಪೈರು ಪುಂಡ ಎಂದರು. ಅಣ್ಣ ಇಬ್ಬರಿಗೂ ಹೇಳುತ್ತಿದ್ದದ್ದು ಒಂದೇ: “ನಾ ಬಿಟ್ಟೀನ್ರಿ, ಕೈ ಬಿಡವಲ್ದು.” ಇದನ್ನು ಯಾರೂ ಉತ್ತರವೆಂದು ಪರಿಗಣಿಸಲಿಲ್ಲ. ಆಮೇಲೆ ಅವನು ನಮ್ಮ ಹಗ್ಗ-ತಾಡಪತ್ರಿಯ ಅಂಗಡಿಯಲ್ಲಿ ಕುಳಿತ. ಗಿರಾಕಿಯ ಕೈಗೆ ಹಗ್ಗದ ಸುರುಳಿ ಕೊಟ್ಟು, ಅದರ ಜೊತೆ ತಾನೂ ಬೀದಿಯವರೆಗೆ ಹೋಗಿಬರತೊಡಗಿದ. ಅಪ್ಪ ಅವನನ್ನು ದಾವಣಗೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ವಿವರಿಸಿದ್ದು ಇಷ್ಟು. ಸ್ನಾಯುವಿನ ಜೀವಕೋಶಗಳ ಗೋಡೆಯಲ್ಲಿ ಪ್ರೋಟೀನಿನಿಂದಾದ ಸಣ್ಣ ಬಾಗಿಲುಗಳಿರುತ್ತವೆ, ಅವಕ್ಕೆ ಅಯಾನು ಚಾನೆಲ್ ಎನ್ನುತ್ತಾರೆ. ಬಿಗಿದ ಸ್ನಾಯು ಸಡಿಲವಾಗಬೇಕಾದರೆ ಕ್ಲೋರೈಡ್ ಆ ಬಾಗಿಲಲ್ಲಿ ಹಾದುಹೋಗಬೇಕು. ಅಣ್ಣನ ಬಾಗಿಲುಗಳು ಸರಿಯಾಗಿ ತೆರೆಯುವುದಿಲ್ಲ. ಜೀವಕ್ಕೇನೂ ಅಪಾಯವಿಲ್ಲ. ಮೊದಲ ಹಿಡಿತ, ಮೊದಲ ಹೆಜ್ಜೆ ಮಾತ್ರ ಬಿಗಿ. ಮುಷ್ಟಿಯನ್ನು ನಾಲ್ಕಾರು ಸಲ ಮುಚ್ಚಿ ತೆರೆದರೆ ಸಲೀಸಾಗುತ್ತದೆ. ಕಾರಣ ತಿಳಿಯಲು ರಕ್ತ ಪರೀಕ್ಷೆಗೆ ಕಳಿಸಿದರು. ವಂಶವಾಹಿಯಲ್ಲಿ ಒಂದು ಅಕ್ಷರ ಬದಲಾಗಿದೆ, ಅದರ ಮಹತ್ವ ಅನಿಶ್ಚಿತ ಎಂದು ವರದಿ ಬಂತು.

ಮನೆಯವರು ‘ಅನಿಶ್ಚಿತ’ವನ್ನು ‘ಖುಲಾಸೆ’ ಎಂದು ಓದಿಕೊಂಡರು. ಅವರಲ್ಲಿ ಮುಂಚೂಣಿಯಲ್ಲಿದ್ದವರು ಅಮ್ಮನ ತಮ್ಮ, ಅಂದರೆ ಹಲವಾಗಲಿನ ಮಾವ. ಪಕ್ಕದಲ್ಲೇ ಇರುವ ನಮ್ಮ ಸೀಮೆಯ ಅರಸೀಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಯಾರ ಕೈಯನ್ನೂ ಕುಲುಕುವವರಲ್ಲ, ದೂರದಿಂದಲೇ ಶರಣು ಎನ್ನುತ್ತಾರೆ. ಹೆಗಲ ಶಾಲಿನೊಳಗೆ ಅವರ ಬಲಗೈ ಸದಾ ಮುಚ್ಚಿ ತೆರೆಯುತ್ತಿರುತ್ತದೆ. ಮನಸ್ಸಿನಲ್ಲೇ ಪಂಚಾಕ್ಷರಿ ಎಣಿಸುತ್ತಾರೆ ಎಂದು ಊರು ಗೌರವದಿಂದ ನಂಬಿದೆ. ಮಗಳನ್ನು ಅಣ್ಣನಿಗೆ ಕೊಡುವುದು ಅವಳು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾಗಿತ್ತು. ನಮ್ಮಲ್ಲಿ ಸೋದರಿಕೆಯ ಸಂಬಂಧ ತಪ್ಪಿಸಿದರೆ ಕಾರಣ ಹೇಳಬೇಕು, ಮಾಡಿದರೆ ಹೇಳಬೇಕಿಲ್ಲ.

“ಓದಿದಾಕಿ ನೀನ ಹೇಳವ್ವ,” ಎಂದರು ಮಾವ, ವರದಿಯನ್ನು ನನ್ನತ್ತ ಸರಿಸಿ. “ಅದರಾಗ ರೋಗ ಅಂತ ಬರದಾರೇನು?”

“ಇಲ್ಲ ಮಾವ. ರೋಗ ಅಲ್ಲ ಅಂತಾನೂ ಬರದಿಲ್ಲ.”

“ಮತ್ತೇನಂತ ಬರದಾರ?”

“ಗೊತ್ತಿಲ್ಲ ಅಂತ.”

“ಗೊತ್ತಿಲ್ಲ ಅನ್ನಾಕ ಅಷ್ಟು ರಕ್ತ ತಗಂಡ್ರಾ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಸ್ಟೀಲ್ ಡಬ್ಬಿಗಳಲ್ಲಿ ಅಮ್ಮ ಈಗಲೂ ಶೇಂಗಾ ಚಟ್ನಿಪುಡಿ ತುಂಬಿಡುತ್ತಾಳೆ. ಆದರೂ ಈ ಮಾತಿಗೆ ನಾನು ವರದಿಯನ್ನು ಮಡಿಸಿ ಲಕೋಟೆಗೆ ಹಾಕಿದೆ.

ವಾದ ಬೇಕಾಗಿದ್ದದ್ದು ಮಾವನ ಮಗಳಿಗೆ. ಅವಳು ಹಡಗಲಿಯಲ್ಲಿ ಬಿ.ಎಡ್. ಓದುತ್ತಾಳೆ. ಬಸ್ ನಿಲ್ದಾಣದಲ್ಲಿ ಮಲ್ಲಿಗೆ ಮಾರುವವರ ಪಕ್ಕ ನನ್ನನ್ನು ಕೂರಿಸಿಕೊಂಡು ನೇರವಾಗಿ ಕೇಳಿದಳು.

“ಲೇ, ನಿಮ್ಮಣ್ಣನ್ನ ಬ್ಯಾಡ ಅನ್ನಂಗಿಲ್ಲ ನಾನು. ಮಕ್ಕಳಿಗೆ ಬರ್ತೈತೋ ಇಲ್ಲೋ, ಅದೊಂದು ಹೇಳು.”

“ಬರ್ತೈತಿ ಅಂದ್ರ?”

“ತಿಳಕಂಡು ಹೂಂ ಅಂತೀನಿ, ಇಲ್ಲಾ ಊಹೂಂ ಅಂತೀನಿ. ಗೊತ್ತಿಲ್ಲ ಅಂದ್ರ ನಾ ಏನನ್ಲಿ? ಅಪ್ಪ ಮುಂದಿನ ವಾರನ ಮಾತು ಮುಗಸ್ತೀನಿ ಅಂತ ಕುಂತಾನ.”

ನಾನು ಹುಡುಕತೊಡಗಿದೆ. ಇಂಥ ಪ್ರೋಟೀನುಗಳ ಮಾಹಿತಿಯನ್ನೆಲ್ಲ ಕೂಡಿಟ್ಟ ಜಾಲತಾಣಗಳಿವೆ. ಪುಕ್ಕಟೆ. ಯಾರ ಮನೆಯವಳು ಎಂದು ಕೇಳದೆ ಒಳಗೆ ಬಿಡುವ ಜಾಗ ನಮ್ಮ ಸೀಮೆಯಲ್ಲಿ ಅದೊಂದೇ. ಒಂದು ತಾಣ ಚಾನೆಲಿನ ಚಿತ್ರ ತೋರಿಸಿತು: ಜೋಡಿ ಬಾಗಿಲು, ತಿರುಗಿಸಿ ಹಿಂಬದಿಯನ್ನೂ ನೋಡಬಹುದು. ಇನ್ನೊಂದು ತಾಣ ಯಾವ ನಾಡಿನವರಲ್ಲಿ ಯಾವ ಬದಲಾವಣೆ ಇದೆಯೆಂದು ಹೇಳಿತು. ನಮ್ಮ ಕಡೆಯವರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಮೂರನೆಯದು ತೀರ್ಪಿನ ತಾಣ. ರೋಗಕ್ಕೆ ಕಾರಣವಾದರೆ ಕೆಂಪು, ನಿರುಪದ್ರವಿಯಾದರೆ ಹಸಿರು, ತಿಳಿಯದಿದ್ದರೆ ಬೂದು. ಅಣ್ಣನ ಅಕ್ಷರ ಹಾಕಿದೆ. ಬೂದು ಪಟ್ಟಿ ಬಂತು. ಕೆಳಗೆ ಒಂದೇ ಒಂದು ದಾಖಲೆ: ಭಾರತದ ಒಬ್ಬ ಯುವಕ, ಹಿಡಿತ ಸಡಿಲವಾಗುವುದಿಲ್ಲ, ಕಳಿಸಿದ್ದು ಇಂಥ ಲ್ಯಾಬು. ಅದು ಅಣ್ಣನ ರಕ್ತ ಹೋದ ಲ್ಯಾಬೇ. ಲೋಕದ ಪುರಾವೆ ಹುಡುಕಿಕೊಂಡು ಹೋದರೆ ಪುರಾವೆಯ ಜಾಗದಲ್ಲಿ ಅಣ್ಣನೇ ಕೂತಿದ್ದ. ಚರ್ಚೆಯಲ್ಲಿ ಯಾರಾದರೂ ತಮ್ಮ ಮಾತಿಗೆ ತಮ್ಮನ್ನೇ ಆಧಾರ ಕೊಟ್ಟರೆ ನಾನು ಎದ್ದು ನಿಲ್ಲುತ್ತಿದ್ದೆ. ಇಲ್ಲಿ ಯಾರ ಎದುರು ಏಳುವುದು?

ಡಾಕ್ಟರಿಗೆ ಫೋನು ಮಾಡಿ ಬೂದು ಪಟ್ಟಿಯ ವಿಷಯ ಹೇಳಿದೆ. “ಮನೆಯಲ್ಲಿ ಇದೇ ತೊಂದರೆ ಇರೋ ಇನ್ನೊಬ್ಬರು ಸಿಗಬೇಕಮ್ಮ. ಅವರ ರಕ್ತದಲ್ಲೂ ಇದೇ ಬದಲಾವಣೆ ಇದ್ದರೆ ಬೂದು ಬಿಡುತ್ತೆ. ಮಕ್ಕಳಿಗೆ ಹೇಗೆ ಹೋಗುತ್ತೆ ಅಂತಾನೂ ಆಗ ಹೇಳಬಹುದು,” ಎಂದರು. ಬಳಗದವರನ್ನೆಲ್ಲ ಕೇಳಿದೆ. ಹಗರಿಬೊಮ್ಮನಹಳ್ಳಿಯವರು ನಕ್ಕರು. ಕೂಡ್ಲಿಗಿಯವರು ಮುನಿಸಿಕೊಂಡರು. ಮಾವ ಶಾಲಿನೊಳಗೆ ಎಣಿಸುತ್ತಲೇ, “ನಮ್ಮ ವಂಶದಾಗ ಅಂಥಾದ್ದು ಇಲ್ಲ,” ಎಂದರು.

ಆ ದಿನಕ್ಕೆ ಬರುತ್ತೇನೆ. ಮಾತು ಮುಗಿಸಲೆಂದು ಹಲವಾಗಲಿಗೆ ಹೋದೆವು. ಕಾರಿನಲ್ಲಿ ಬಹಳ ಹೊತ್ತು ಕೂತಿದ್ದ ಅಣ್ಣನ ಕಾಲು ಬಿಗಿದಿತ್ತು. ಹೊಸ್ತಿಲು ದಾಟುವಾಗ ಎಡವಿದ. ಎದುರಿಗೆ ನಿಂತಿದ್ದ ಮಾವ ಗಬಕ್ಕನೆ ಕೈ ಚಾಚಿ ಹಿಡಿದರು. ಅಣ್ಣನೂ ಹಿಡಿದ. ಬೀಳಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು.

ಇಬ್ಬರೂ ಹಾಗೇ ನಿಂತರು. ಅಣ್ಣ ನಕ್ಕ, ಮಾವ ನಗಲಿಲ್ಲ. ಯಾರೋ ಫೋಟೊ ತೆಗೆದರು. ಅಮ್ಮ, “ನೋಡ್ರಿ, ಅಳಿಯ ಅಂದ್ರ ನನ್ನ ತಮ್ಮಗ ಜೀವ,” ಎಂದಳು.

“ಸಾಕ್ರಿ, ಬಿಡ್ರಿ, ಚಾ ಆರತೈತಿ,” ಎಂದಳು ಅತ್ತೆ.

“ನಾ ಬಿಟ್ಟೀನಿ,” ಎಂದ ಅಣ್ಣ.

“ನಾನೂ ಬಿಟ್ಟೀನಿ,” ಎಂದರು ಮಾವ.

ಕೊನೆಗೆ ಅಣ್ಣನ ಬೆರಳುಗಳು ಸಡಿಲವಾದವು, ಅಣ್ಣ ಕೈ ಕೆಳಗೆ ಬಿಟ್ಟ. ಅದರ ಜೊತೆ ಮಾವನ ಕೈಯೂ ಕೆಳಗೆ ಹೋಯಿತು, ಅಣ್ಣನ ಮಣಿಕಟ್ಟಿಗೆ ಅಂಟಿಕೊಂಡೇ. ಮಾವ ಎಡಗೈಯಿಂದ ತಮ್ಮ ಬಲಗೈಯ ಹೆಬ್ಬೆರಳು ಬಿಡಿಸಿಕೊಂಡರು. ತಕ್ಷಣ ಆ ಕೈ ಶಾಲಿನೊಳಗೆ ಹೋಗಿ ಮುಚ್ಚಿ ತೆರೆಯತೊಡಗಿತು.

ಇದು ಪುರಾವೆಯಲ್ಲ, ಬರೀ ಅನುಮಾನ. ಅಷ್ಟನ್ನು ನಾನೂ ಒಪ್ಪುತ್ತೇನೆ. ಪ್ರೀತಿಗೂ ಕೈ ಬಿಗಿಯಬಹುದು. ನಿರ್ಧಾರವಾಗಬೇಕಾದರೆ ಮಾವನ ರಕ್ತ ಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವನ ಮಗಳು ಚಹದ ತಟ್ಟೆಯನ್ನು ನನ್ನ ಕೈಗಿಟ್ಟು ಅಪ್ಪನ ಎದುರು ಹೋಗಿ ನಿಂತಳು. ಶಾಲಿನ ಮಡಿಕೆ ಏರಿಳಿಯುವುದನ್ನೇ ನೋಡಿದಳು.

“ಅಪ್ಪಾ, ಹೂಂ ಅನ್ನಾಕಿ ನಾನು, ಹಡಿಯಾಕಿ ನಾನು. ದಾವಣಗೆರಿಗೆ ನನ್ನ ಜೋಡಿ ಬರ್ತೀಯೋ ಇಲ್ಲೋ?”