ಪರದೆ ಕಟ್ಟಿದ ಆಲೆಮನೆ

ನಮ್ಮ ಸೋದರತ್ತೆಯ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಕುದಿಯುವ ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ, ಹದ ನೋಡಿ ನೋಡಿ ಚರ್ಮ ನುಣ್ಣಗಾಗಿ ಹುಣಸೆ ಬೀಜದ ಹಾಗೆ ಹೊಳೆಯುತ್ತಿತ್ತು. ನ್ಯಾಯಬೆಲೆ ಅಂಗಡಿಗೆ ಬೆರಳೊತ್ತುವ ಯಂತ್ರ ಬಂದಾಗ ಅದು ಅವಳನ್ನು ಒಪ್ಪಲೇ ಇಲ್ಲ. ಒಂದೊಂದೇ ಬೆರಳು ಒತ್ತಿಸಿ ಸೋತ ಅಂಗಡಿಯವನು, “ನೀವು ಇಲ್ಲವೇ ಇಲ್ಲ ಅಂತದೆ ಕಣಕ್ಕಾ” ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, “ಅದುಕ್ಕೇನ್ ಗೊತ್ತು ಬುಡು, ನನ್ ಬೆಲ್ಲ ತಿಂದಿಲ್ಲ ಅದು” ಎಂದಳು.

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ನಾಲೆ ದಾಟಿದರೆ ಎಡಕ್ಕೆ ಅವಳ ಆಲೆಮನೆ. ಮಾವನಿಗೆ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಬಸ್ಸು ಹಿಡಿಯುವುದು, ಬಂದು ಮಲಗುವುದು, ಮತ್ತೆ ಬಸ್ಸು ಹಿಡಿಯುವುದು. ಹಾಗಾಗಿ ಗಾಣ, ಕೊಪ್ಪರಿಗೆ, ಆಳುಕಾಳು ಎಲ್ಲ ಅತ್ತೆಯ ಮೇಲೆಯೇ. ಹೆಂಗಸು ಆಲೆಮನೆ ನಡೆಸುವುದುಂಟೇ ಎಂದು ಮೂಗು ಮುರಿದವರು ಅವಳ ಅಚ್ಚುಬೆಲ್ಲ ಬಾಯಿಗೆ ಹಾಕಿಕೊಂಡು ಸುಮ್ಮನಾದರು. ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದಳೇ ಹೊರತು, ಬೆಲ್ಲ ಬೆಳ್ಳಗಾಗಲಿ ಎಂದು ಅಂಗಡಿಯ ರಾಸಾಯನಿಕ ಪುಡಿ ಮುಟ್ಟಿದವಳಲ್ಲ. ನಾನು ಮಂಡ್ಯದಲ್ಲಿ ಕಾಲೇಜು ಓದುವಾಗ ರಜೆ ಸಿಕ್ಕರೆ ಅಲ್ಲೇ ಠಿಕಾಣಿ. ಈ ಅತ್ತೆಯ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚೇ ಜಂಬ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಆಲೆಮನೆ ಎಂದರೆ ಜೇನುನೊಣ ಇದ್ದದ್ದೇ. ಕಬ್ಬಿನ ಹಾಲು ತುಂಬಿದ ತೊಟ್ಟಿಯ ಮೇಲೆ, ಕೊಪ್ಪರಿಗೆಯ ಅಂಚಿನಲ್ಲಿ, ತೆಗೆದುಹಾಕಿದ ಮಡ್ಡಿಯ ಗುಡ್ಡೆಯ ಮೇಲೆ ಅವು ಮುತ್ತುತ್ತಿದ್ದವು. ಅದನ್ನು ಯಾರೂ ತಪ್ಪೆಂದುಕೊಂಡಿರಲಿಲ್ಲ. ತಪ್ಪೆನ್ನುವುದಿರಲಿ, ಅಚ್ಚು ಒಡೆದಾಗ ಒಳಗೊಂದು ಸತ್ತ ಜೇನುನೊಣ ಸಿಕ್ಕಿದರೆ ನಮ್ಮ ಕಡೆಯ ವ್ಯಾಪಾರಿಗಳು, “ಇದು ಅಸಲಿ ಮಾಲು” ಎನ್ನುತ್ತಿದ್ದರು. ಪುಡಿ ಹಾಕಿದ ಬೆಲ್ಲಕ್ಕೆ ಜೇನು ಕೂರುವುದಿಲ್ಲವಂತೆ. ಅತ್ತೆಯೂ ಬಹಳ ವರ್ಷ ಹಾಗೇ ನಂಬಿದ್ದಳು. ನೊಣ ಸಿಕ್ಕ ಅಚ್ಚನ್ನು ಕೊಳ್ಳುವವರಿಗೆ ಕಾಣಲೆಂದೇ ಬೆಲ್ಲದ ಗುಡ್ಡೆಯ ಮೇಲಿಡುತ್ತಿದ್ದಳು.

ಪಕ್ಕದ ಹೊಲದವನು ಸೌತೆ ಹಾಕಿದ್ದ ವರ್ಷ ಅವಳ ನಂಬಿಕೆ ಕದಲಿತು. ಆ ಹೊಲದವನದು ಬಾಯಿ ದೊಡ್ಡದು, ಮನಸ್ಸು ಒಳ್ಳೆಯದು. ಒಂದು ಸಂಜೆ ಗಾಣದ ಎದುರಿಗೇ ಬಂದು ನಿಂತು ಕೂಗಾಡಿದ.

“ನಿನ್ ಆಲೆಮನೆ ಒಗೆಗೆ ನನ್ ಸೌತೆ ಪಿಂದೆಯೆಲ್ಲ ಉದುರೋಯ್ತಾ ಅವೆ ಕಣಕ್ಕಾ! ಗೊಬ್ಬರ ಆಕ್ದೆ, ಔಸ್ತಿ ಒಡುದೆ, ಒಂದೂ ನಿಲ್ತಿಲ್ಲ. ಈ ಬೆಳೆ ಓದ್ರೆ ನಾನ್ ಎಲ್ಗೋಗ್ಲಿ?”

“ಒಗೆಗೆ ಎಲ್ಲಾರ ಪಿಂದೆ ಉದುರ್ತದೇನ್ಲಾ? ನಾಳೆ ಬೆಳಗ್ಗೆ ನಾನೇ ಬತ್ತೀನಿ ನಡಿ” ಎಂದಳು ಅತ್ತೆ. ಅವಳು ಜಗಳ ಬಿಟ್ಟವಳೇ ಅಲ್ಲ.

ಬೆಳಿಗ್ಗೆ ಸಾಕ್ಷಿಗೆ ನನ್ನನ್ನೂ ಕರೆದುಕೊಂಡು ಹೋದಳು. ಗಾಳಿ ಆಚೆ ಕಡೆಗೆ ಬೀಸುತ್ತಿತ್ತು, ಹೊಗೆ ಅವನ ಹೊಲದ ಕಡೆ ತಲೆಯೂ ಹಾಕಿರಲಿಲ್ಲ. ಜಗಳ ಗೆದ್ದೆವು ಎಂದುಕೊಂಡೆ. ಆದರೆ ಅತ್ತೆ ಬದುವಿನ ಮೇಲೇ ನಿಂತುಬಿಟ್ಟಳು. ಬಳ್ಳಿಗಳ ತುಂಬ ಹಳದಿ ಹೂವು ಅರಳಿತ್ತು. ಬುಡದಲ್ಲಿ ಬೆರಳುದ್ದದ ಎಳೆ ಪಿಂದೆಗಳು ಹಳದಿಗಟ್ಟಿ ಬಿದ್ದಿದ್ದವು. ಅವಳು ಅವನ್ನೂ ನೋಡುತ್ತಿರಲಿಲ್ಲ, ಕಿವಿಗೊಟ್ಟು ನಿಂತಿದ್ದಳು.

“ಏನಕ್ಕಾ?” ಎಂದ ಹೊಲದವನು.

“ಸದ್ದೇ ಇಲ್ವಲ್ಲೋ. ಇಷ್ಟೊಂದು ಊವದೆ, ಒಂದ್ ಜೇನ್ನೊಣನೂ ಗುಂಯ್ ಅಂತಿಲ್ವಲ್ಲ.”

ಅಲ್ಲಿಂದ ಅವಳು ನಡೆದ ವೇಗಕ್ಕೆ ನಾನು ಓಡಬೇಕಾಯಿತು. ಆಲೆಮನೆಯ ತೊಟ್ಟಿಯ ಮೇಲೆ ನೊಣಗಳು ಕೆನೆಗಟ್ಟಿದಂತೆ ತೇಲುತ್ತಿದ್ದವು. ಮಡ್ಡಿಯಲ್ಲಿ ಸಿಕ್ಕಿಕೊಂಡವು ರೆಕ್ಕೆ ಬಿಡಿಸಲಾಗದೆ ಒದ್ದಾಡುತ್ತಿದ್ದವು. ದಿನವೂ ಕಂಡದ್ದೇ. ಆದರೆ ಅತ್ತೆ ಅವತ್ತು ಮೊರ ತಂದು ಸತ್ತವನ್ನೆಲ್ಲ ಅದರಲ್ಲಿ ಗೋರಿದಳು. ಮೊರ ತುಂಬಿತು. ಅದನ್ನು ಸೊಂಟಕ್ಕಿಟ್ಟುಕೊಂಡು ಮತ್ತೆ ಅದೇ ಹೊಲಕ್ಕೆ ನಡೆದಳು.

“ಒಗೆ ಅಲ್ಲ ಕಣಪ್ಪ” ಎಂದಳು. “ಆದ್ರೆ ನೀನ್ ಯೋಳಿದ್ದು ಸುಳ್ಳಲ್ಲ. ನಿನ್ ಪಿಂದೆ ತಿಂದಿರೋದು ನನ್ ಆಲೆಮನೇನೇ. ಬಿಟ್ಟಿ ಸಿಹಿ ಸಿಕ್ರೆ ಊವಿಂದ್ ಊವಿಗೆ ಅಲೆಯಕ್ಕೆ ಅವುಕ್ಕೇನ್ ಉಚ್ಚಾ? ನನ್ ತೊಟ್ಟಿಗೆ ಬಂದವೆ, ಬಿದ್ದು ಸತ್ತವೆ.”

ಊರಿನಲ್ಲಿ ಯಾರಿಗೂ ಸೋಲದ ನಮ್ಮತ್ತೆ ತನ್ನ ಜೊತೆ ಜಗಳವಾಡಲು ಬಂದವನ ಮುಂದೆ ನಿಂತು ಹೀಗೆ ಹೇಳಿದಳು. ನಾನು ಅವಳಿಂದ ಕಲಿತದ್ದರಲ್ಲಿ ಇದೇ ದೊಡ್ಡದು. ಗಂಡು ಹೂವಿನ ಹುಡಿ ಹೆಣ್ಣು ಹೂವಿಗೆ ಮುಟ್ಟದಿದ್ದರೆ ಸೌತೆ ಕಾಯಿ ಕಟ್ಟುವುದಿಲ್ಲ. ಹೀರೆಯೂ ಅಷ್ಟೇ, ಕುಂಬಳವೂ ಅಷ್ಟೇ. ನಮ್ಮ ಸಾರಿನ ಅರ್ಧ ಆ ಹುಳುವಿನ ಕಾಲಿಗೆ ಅಂಟಿಕೊಂಡು ಬರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಅಂಕವನ್ನೂ ತೆಗೆದುಕೊಂಡಿದ್ದೆ. ಅತ್ತೆ ಅದಕ್ಕಾಗಿ ತನ್ನ ಮನೆಯದೊಂದು ಬೆಳೆಯನ್ನೇ ಬಿಟ್ಟಳು.

ಅವಳು ರೇಷ್ಮೆಹುಳುವನ್ನೂ ಸಾಕುತ್ತಿದ್ದಳು. ಹುಳುಗಳನ್ನು ಕೊಲ್ಲುವ ಊಜಿ ನೊಣ ಒಳಗೆ ಬಾರದಿರಲೆಂದು ಹುಳುಮನೆಗೆ ನೈಲಾನ್ ಪರದೆ ಕಟ್ಟುತ್ತಾರೆ. ಅವತ್ತು ಮಧ್ಯಾಹ್ನವೇ ಆ ಪರದೆಗಳನ್ನೆಲ್ಲ ಕಿತ್ತು ತಂದು ತೊಟ್ಟಿಗೆ, ಕೊಪ್ಪರಿಗೆಯ ಚಪ್ಪರಕ್ಕೆ ಸುತ್ತಲೂ ಕಟ್ಟಿಸಿದಳು. ಮಡ್ಡಿಗೆ ಗುಂಡಿ ತೋಡಿಸಿ ಮಣ್ಣು ಮುಚ್ಚಿಸಿದಳು. ಪಾಳಿ ಮುಗಿಸಿ ಬಂದ ಮಾವ, “ಉಳುಮನೆ ಬೋಳಾಯ್ತಲ್ಲ, ರೇಷ್ಮೆ ಗತಿ?” ಎಂದ. “ಒಂದ್ ಬೆಳೆ ಓದ್ರೆ ಓಯ್ತದೆ, ಉಣ್ಣು” ಎಂದಳು. ಮಾವ ಉಂಡ.

ಊರವರು ನಗದೆ ಇರುತ್ತಾರೆಯೇ? ‘ಸೊಳ್ಳೆಪರದೆ ಆಲೆಮನೆ’ ಎಂದು ಹೆಸರಿಟ್ಟರು. ಆಳುಗಳು, “ಒಳಗೆ ನಾವೂ ಬೆಲ್ಲ ಆಯ್ತೀವಿ ಕಣಕ್ಕಾ, ಬ್ಯಾರೆಯೋರ್ನ ನೋಡ್ಕೊ” ಎಂದರು. ಅತ್ತೆ ತಾನೇ ಒಳಗೆ ಹೋಗಿ ಒಂದಿಡೀ ಕೊಪ್ಪರಿಗೆ ಇಳಿಯುವ ತನಕ ಬೆವರು ಸುರಿಸುತ್ತ ನಿಂತಳು. ಹೊರಗೆ ಬಂದು, “ನೀವ್ ಯೋಳೋದು ದಿಟವೇ” ಎಂದು ಬಿದಿರ ಗಳುಗಳನ್ನು ಇನ್ನೂ ಎತ್ತರಕ್ಕೆ ನೆಡಿಸಿ, ಪರದೆಯನ್ನು ದೂರ ಸರಿಸಿ, ಹಬೆ ಹೋಗಲು ದಾರಿ ಮಾಡಿಸಿದಳು. ಆಳುಗಳು ಉಳಿದರು.

ನಿಜವಾದ ಪೆಟ್ಟು ಬಿದ್ದದ್ದು ಮಂಡ್ಯದ ವ್ಯಾಪಾರಿ ಬಂದ ದಿನ. ಅವನು ಅಚ್ಚು ಒಡೆದ. ಇನ್ನೊಂದು ಒಡೆದ. ಮತ್ತೊಂದು ಒಡೆದು ಕೈ ಕೊಡವಿಕೊಂಡ.

“ಏನ್ ಅಕ್ಕೋರೆ, ಒಂದ್ ನೊಣನೂ ಇಲ್ಲ? ನೀವೂ ಪುಡಿ ಹಾಕೋಕೆ ಶುರು ಮಾಡಿದ್ರಾ?”

ಅತ್ತೆಯ ಮುಖ ಕೆಂಡವಾಯಿತು. “ನನ್ ಬೆಲ್ಲಕ್ಕೆ ನೊಣದ್ ಎಣ ಸಾಕ್ಷಿ ಯೋಳ್ಬೇಕಾಗಿಲ್ಲ” ಎಂದಳು. “ನಾಲ್ಗೆ ಇದ್ರೆ ತಿಂದ್ ನೋಡಿ, ಇಲ್ದಿದ್ರೆ ಗಾಡಿ ತಿರುಗ್ಸಿ.”

ಅವನು ಗಾಡಿಯನ್ನೇ ತಿರುಗಿಸಿದ. ಬೆಲ್ಲ ಗೋಡೆಯ ಪಕ್ಕ ಎದೆಯೆತ್ತರಕ್ಕೆ ಏರಿತು. ಅರೆಯಲು ಬಂದ ಕಬ್ಬು ಅಂಗಳದಲ್ಲಿ ಒಣಗತೊಡಗಿತು. ಪರದೆ ಬಿಚ್ಚಿಬಿಡು ಎಂದು ಮಾವ ಹೇಳಿದ, ಆಳುಗಳು ಹೇಳಿದರು, ನಾನೂ ಹೇಳಿದೆ. ಅವಳು ಕೂತು ಪರದೆಯ ಹರುಕಿಗೆ ತೇಪೆ ಹೊಲಿಯುತ್ತಿದ್ದಳು.

ಒಂದು ಬೆಳಿಗ್ಗೆ ಪಕ್ಕದ ಹೊಲದವನು ಟೆಂಪೋ ತಂದು ಅಂಗಳದಲ್ಲಿ ನಿಲ್ಲಿಸಿದ. ಹಿಂದುಗಡೆ ಎಳೆಸೌತೆ ತುಂಬಿತ್ತು. “ಪಿಂದೆ ನಿಂತ್ಕಂಡ್ವು ಕಣಕ್ಕಾ” ಎಂದ. ಅವನ ದೊಡ್ಡ ಬಾಯಿಂದ ನಮ್ಮ ಅಂಗಳದಲ್ಲಿ ಅಷ್ಟೇ ಮಾತು ಬಂದದ್ದು. ಕೇಳದೆಯೇ ಆಳುಗಳನ್ನು ಕರೆದು ಸೌತೆಯ ಪಕ್ಕ ಬೆಲ್ಲ ತುಂಬಿಸಿದ. ಮದ್ದೂರು ಸಂತೆಯಲ್ಲಿ ನಿಂತು, ಸೌತೆ ಕೊಂಡವರಿಗೆಲ್ಲ ಒಂದು ಚೂರು ಬೆಲ್ಲ ತಿನ್ನಿಸಿ ಇಡೀ ಕಥೆ ಕೂಗಿ ಹೇಳಿದನಂತೆ. ಆಗ ಅವನ ಬಾಯಿ ಕೆಲಸಕ್ಕೆ ಬಂತು. ಮುಂದಿನ ಸಂತೆಗೆ ಜನ ‘ಪರದೆ ಬೆಲ್ಲ’ ಎಂದು ಕೇಳಿಕೊಂಡು ಬಂದರು. ವ್ಯಾಪಾರಿಯೂ ಬಂದ. ಅವನಿಗೆ ಅತ್ತೆ ಕಾಫಿ ಕೊಟ್ಟಳು, ಆದರೆ ಗುಡ್ಡೆ ಖಾಲಿಯಾಗಿತ್ತು. ಈಗ ಆ ನಾಲೆಯುದ್ದಕ್ಕೂ ಹಲವು ಆಲೆಮನೆಗಳಿಗೆ ಪರದೆ ಇದೆ. ನಕ್ಕವರೇ ಕಟ್ಟಿಸಿದ್ದಾರೆ.

ಅತ್ತೆ ಹೋದದ್ದು ಕಳೆದ ಮಾಘದಲ್ಲಿ. ಗಾಣದ ಇಂಜಿನ್ನಿನ ಪಕ್ಕ ಬದುಕು ಸವೆಸಿ ಕೊನೆಕೊನೆಗೆ ಅವಳಿಗೆ ಕಿವಿ ಪೂರ್ತಿ ಹೋಗಿತ್ತು. ಹಾಸಿಗೆ ಹಿಡಿದ ಮೇಲೂ ಬೆಳಗಿನ ಹೊತ್ತು ಮಂಚವನ್ನು ಹೊಲದ ಬದುವಿನ ಹತ್ತಿರ ಹಾಕಿಸಿಕೊಳ್ಳುತ್ತಿದ್ದಳು. ನಾನು ಕಡೆಯ ಸಲ ನೋಡಲು ಹೋದಾಗ ಸೌತೆ ಹೂ ಬಿಟ್ಟಿತ್ತು. ನನ್ನ ಕೈ ಹಿಡಿದುಕೊಂಡು ಬಳ್ಳಿಗಳ ಕಡೆ ಗದ್ದ ಎತ್ತಿ, “ಕೇಳ್ತದಾ?” ಎಂದಳು.

ಹೊಲಕ್ಕೆ ಹೊಲವೇ ಗುಂಯ್‌ಗುಡುತ್ತಿತ್ತು. ನಾನು ಜೋರಾಗಿ ತಲೆಯಾಡಿಸಿದೆ.

ಒಂದು ಜೇನುಪೆಟ್ಟಿಗೆ ಇಟ್ಟವಳಲ್ಲ, ಒಂದು ಜೇನುಹುಟ್ಟು ಕಿತ್ತವಳಲ್ಲ. ಮೊಮ್ಮಕ್ಕಳನ್ನು ತೋರಿಸುವ ಹಾಗೆ ಆ ಹೊಲದ ಕಡೆ ಕೈ ಚಾಚಿ ಹೇಳಿದಳು: “ಅವೆಲ್ಲಾ ನಮ್ ಮನೇವು ಕಣವ್ವ.”